ಮತ್ತೆ ಎಂತ?

ರಾಯಲ್ಪಾಡಿನಲ್ಲಿ ಧನಶ್ರೀಯನ್ನು ‘ಕನ್ನಡಮ್ಮ’ ಎಂದು ಕರೆಯುತ್ತಿದ್ದರು. ಅದು ಹೊಗಳಿಕೆಯೂ ಅಲ್ಲ, ಬೈಗುಳವೂ ಅಲ್ಲ. ಆಂಧ್ರದ ಗಡಿ ಕೂಗಳತೆಯಲ್ಲಿರುವ ಊರು ಅದು. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ತೆಲುಗು, ಜಗಳಕ್ಕೂ ತೆಲುಗು, ದೇವರ ಮುಂದೆ ಕೈ ಮುಗಿದರೂ ತೆಲುಗು. ಕನ್ನಡ ಎನ್ನುವುದು ಶಾಲೆಯ ಕರಿಹಲಗೆಯ ಮೇಲೆ, ಬಸ್ಸಿನ ಬೋರ್ಡಿನ ಮೇಲೆ ಇರುವ ಭಾಷೆ. ಅಂಥ ಊರಿನಲ್ಲಿ, ಮಾವಿನ ತೋಪು ಗುತ್ತಿಗೆ ಹಿಡಿಯುವ ಸುಬ್ಬರಾಯಪ್ಪನ ಮಗಳು ಕನ್ನಡದಲ್ಲೇ ಎಂ.ಎ. ಮಾಡಿ, ಬಿ.ಎಡ್. ಕೂಡ ಮುಗಿಸಿ, ಶ್ರೀನಿವಾಸಪುರದ ಕಾಲೇಜಿನಲ್ಲಿ ಹಳಗನ್ನಡ ಪಾಠ ಮಾಡುತ್ತಾಳೆಂದರೆ ಜನಕ್ಕೆ ಅದೊಂದು ತಮಾಷೆ. ಸುಬ್ಬರಾಯಪ್ಪನಿಗೆ ಮಾತ್ರ ಹೆಮ್ಮೆ. ಮಗಳು ಮೇಡಂ ಆದಾಗಿನಿಂದ ಅವನು ಅವಳ ಹತ್ತಿರ ಕನ್ನಡದಲ್ಲೇ ಮಾತಾಡಲು ಶುರು ಮಾಡಿದ. ತಾಯಿ ಶಾಮಲಮ್ಮ ತೆಲುಗು ಬಿಡಲಿಲ್ಲ. ಹೆತ್ತ ಮಗಳ ಹತ್ತಿರ ಪರೀಕ್ಷೆ ಬರೆದ ಹಾಗೆ ಮಾತಾಡುವುದು ತನ್ನಿಂದಾಗದು ಎಂದುಬಿಟ್ಟಳು.

ಕಾಲೇಜಿನಲ್ಲಿ ಕೆಲಸವೇನೋ ಇತ್ತು, ಆದರೆ ಅದರ ಹೆಸರೇ ‘ಅತಿಥಿ ಉಪನ್ಯಾಸಕಿ’. ಅತಿಥಿ ದೇವೋಭವ ಎನ್ನುವ ದೇಶದಲ್ಲಿ ಈ ಅತಿಥಿಯನ್ನು ಪ್ರತಿ ಬೇಸಿಗೆಯಲ್ಲೂ ಬಾಗಿಲಾಚೆ ಕಳಿಸುತ್ತಿದ್ದರು. ಮಳೆಗಾಲಕ್ಕೆ ಮತ್ತೆ ಬಂದು ಬಾಗಿಲು ತಟ್ಟಬೇಕು. ತಟ್ಟಿದರೆ ತೆಗೆಯುತ್ತಾರೆಂಬ ಭರವಸೆಯೂ ಇಲ್ಲ. ಹೀಗೆ ತಟ್ಟಿ ತಟ್ಟಿ ಧನಶ್ರೀಯ ವಯಸ್ಸು ಮೂವತ್ತು ದಾಟಿತು.

ನಡುವೆ ಒಂದು ಮದುವೆಯೂ ಆಯಿತು. ಗಂಡ ವೇಣುಗೋಪಾಲ್ ಮಾಲೂರಿನ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಹೊಡೆಯಲಿಲ್ಲ, ಕುಡಿಯಲಿಲ್ಲ. ಮನೆಯ ಮೂಲೆಯಲ್ಲಿರುವ ಬೀರುವನ್ನು ನೋಡುವ ಹಾಗೆ ಹೆಂಡತಿಯನ್ನು ನೋಡಿದ, ಅಷ್ಟೇ. ಬೇಕಾದಾಗ ಬಾಗಿಲು ತೆಗೆಯುವುದು, ಬೇಡವಾದಾಗ ಮುಚ್ಚುವುದು. ನಾಲ್ಕು ವರ್ಷ ಬೀರುವಾಗಿದ್ದು ಸಾಕಾಗಿ ಧನಶ್ರೀ ತವರಿಗೆ ಬಂದಳು. ಹೊಡೆಸಿಕೊಂಡು ಬಂದಿದ್ದರೆ ಊರು ಕನಿಕರವಾದರೂ ತೋರಿಸುತ್ತಿತ್ತೇನೋ. ಹೊಡೆಯದ ಗಂಡನನ್ನು ಬಿಟ್ಟು ಬಂದವಳನ್ನು ಅದು ಹೇಗೆ ಕ್ಷಮಿಸೀತು?

ಪಕ್ಕದ ಮನೆಯ ಭಾರತಮ್ಮ ಗೋಡೆಯ ಮೇಲಿಂದ ತಲೆ ಹಾಕಿ ಕೇಳುತ್ತಿದ್ದಳು: “ಎಪ್ಪುಡು ಪೋತಾವು ತಲ್ಲೀ?” ಯಾವಾಗ ಹೋಗ್ತೀಯ ತಾಯಿ, ಅಂತ. ಹಾಲಿನ ಡೈರಿಯಲ್ಲಿ ಅದೇ ಪ್ರಶ್ನೆ. ಬಸ್ಸಿನ ಕಂಡಕ್ಟರ್ ಕೂಡ ಟಿಕೆಟ್ ಹರಿಯುತ್ತ, “ಏನ್ ಮೇಡಂ, ಇನ್ನೂ ಇಲ್ಲೇ ಇದೀರಾ?” ಎನ್ನುತ್ತಿದ್ದ. ಹುಟ್ಟಿದ ಊರಿನಲ್ಲಿ ತಾನು ಹೊರಡಬೇಕಾದವಳು ಎಂದು ದಿನವೂ ಕೇಳಿಸಿಕೊಳ್ಳುವುದಿದೆಯಲ್ಲ, ಅದು ಒಳಗೊಳಗೇ ಮನುಷ್ಯನನ್ನು ತಿನ್ನುತ್ತದೆ.

ಧನಶ್ರೀಗೆ ಆಗ ಮಂಗಳೂರು ನೆನಪಾಯಿತು. ಡಿಗ್ರಿ ಓದುವಾಗ ಕಾಲೇಜಿನ ಪ್ರವಾಸಕ್ಕೆಂದು ಹೋಗಿದ್ದಳು. ಎಲ್ಲರೂ ಕಡಲನ್ನು ನೋಡಿ ಕೂಗಾಡುತ್ತಿದ್ದಾಗ ಅವಳು ಬೇರೇನನ್ನೋ ನೋಡಿದ್ದಳು. ಪಣಂಬೂರಿನ ಮರಳ ಮೇಲೆ ಒಬ್ಬ ಹೆಂಗಸು, ನಲವತ್ತರ ಆಸುಪಾಸು, ಒಬ್ಬಳೇ ಕೂತು ಚರುಮುರಿ ತಿನ್ನುತ್ತಿದ್ದಳು. ಯಾರೂ ಅವಳ ಕಡೆ ತಿರುಗಲಿಲ್ಲ. ತಿಂದು ಮುಗಿಸಿ, ಕಾಗದ ಮಡಚಿ ಬುಟ್ಟಿಗೆ ಹಾಕಿ, ಸೀರೆಯ ಮರಳು ಕೊಡವಿಕೊಂಡು ಬಸ್ಸು ಹತ್ತಿ ಹೋದಳು. ಇಂಥ ಊರೂ ಇರುತ್ತದಾ ಎಂದು ಧನಶ್ರೀಗೆ ಅನ್ನಿಸಿತ್ತು. ಬೆಂಗಳೂರಿನ ಹಾಗೆ ಕಳೆದುಹೋಗುವಷ್ಟು ದೊಡ್ಡದಲ್ಲ, ರಾಯಲ್ಪಾಡಿನ ಹಾಗೆ ಉಸಿರು ಕಟ್ಟುವಷ್ಟು ಚಿಕ್ಕದಲ್ಲ. ಅಲ್ಲೊಂದು ಖಾಯಂ ಕೆಲಸ, ಒಂದು ಕೋಣೆ, ಸಂಜೆ ಒಬ್ಬಳೇ ಕೂರಲು ಒಂದಿಷ್ಟು ಮರಳು. ಅವಳು ಕೇಳಿದ್ದು ಇಷ್ಟೇ.

ಅಲ್ಲಿನ ಖಾಸಗಿ ಕಾಲೇಜೊಂದರಲ್ಲಿ ಕನ್ನಡಕ್ಕೆ ಜನ ಬೇಕಾಗಿದ್ದಾರೆಂದು ಪೇಪರಿನಲ್ಲಿ ನೋಡಿ ಅರ್ಜಿ ಹಾಕಿದಳು. ಕರೆ ಬಂತು. ಹೊರಡುವ ಬೆಳಿಗ್ಗೆ ಸುಬ್ಬರಾಯಪ್ಪ ಬಸ್‌ಸ್ಟಾಂಡಿನವರೆಗೂ ಬಂದ.

“ಅಷ್ಟ್ ದೂರ ಯಾಕಮ್ಮ? ತೋಪಿನ ಪಕ್ಕದ ಸೈಟು ನಿಂದೇ ಅಂತ ಹೇಳಿದೀನಲ್ಲ. ಎರಡು ರೂಮು ಹಾಕ್ಕೊಡ್ತೀನಿ. ಟ್ಯೂಷನ್ ಮಾಡ್ಕೊಂಡು ಹಾಯಾಗಿರು.”

“ನಂಗ್ ಬೇಡ ಕಣಪ್ಪ, ಈ ಊರಲ್ಲಿ ಒಂದು ಗೇಣು ಜಾಗಾನೂ ಬೇಡ,” ಎಂದಳು ಧನಶ್ರೀ.

ಸಿಟ್ಟಿನಲ್ಲಿ ಆಡಿದ ಮಾತು. ಸುಬ್ಬರಾಯಪ್ಪ ಟವೆಲಿನಿಂದ ಮುಖ ಒರೆಸಿಕೊಂಡ.

ಮಂಗಳೂರಿನಲ್ಲಿ ಮೊದಲು ಮಕ್ಕಳಿಗೆ ಒಂದು ಪಾಠ ಮಾಡಿ ತೋರಿಸಲು ಹೇಳಿದರು. ಧನಶ್ರೀ ಚೆನ್ನಾಗಿ ಮಾಡಿದಳು. ಅವಳು ಪಾಠಕ್ಕೆ ನಿಂತರೆ ಬೇರೆಯೇ ವ್ಯಕ್ತಿ. ಬೆನ್ನು ನೆಟ್ಟಗಾಗುತ್ತದೆ, ದನಿ ತುಂಬಿಕೊಳ್ಳುತ್ತದೆ. ಆಮೇಲೆ ಒಳಗೆ ಕರೆದರು. ಸಂಸ್ಥೆಯ ಸಂಚಾಲಕರು, ಅಂದರೆ ಆಡಳಿತವೆಲ್ಲ ಕೈಯಲ್ಲಿರುವ ಹಿರಿಯರು, ಬಿಳಿ ಅಂಗಿ ತೊಟ್ಟು ಕೂತಿದ್ದರು. ಪಕ್ಕದಲ್ಲಿ ಪ್ರಿನ್ಸಿಪಾಲರು.

“ಊರು ಎಲ್ಲಿ ಆಯ್ತು?”

“ರಾಯಲ್ಪಾಡು ಸರ್, ಕೋಲಾರ ಜಿಲ್ಲೆ.”

“ಓ, ಟೊಮೆಟೊ ಬರುವ ಕಡೆ. ಪಾಠ ಒಳ್ಳೇದಾಯ್ತು. ಈ ಮಕ್ಕಳು ಇಷ್ಟು ಸುಮ್ಮನೆ ಕೂತದ್ದು ನಾನು ನೋಡ್ಲೇ ಇಲ್ಲ.” ಸಂಚಾಲಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಗುತ್ತ ಕೇಳಿದರು: “ಮತ್ತೆ ಎಂತ?”

ಇಲ್ಲೇ ನೋಡಿ ಎಡವಟ್ಟಾಗಿದ್ದು. ಆ ಸೀಮೆಯಲ್ಲಿ ‘ಎಂತ’ ಎಂದರೆ ‘ಏನು’. ಅದು ಧನಶ್ರೀಗೆ ಗೊತ್ತಿರಲಿಲ್ಲವೆಂದಲ್ಲ. ಕನ್ನಡದ ಬಗೆಬಗೆಯ ರೂಪಗಳನ್ನು ಅವಳೇ ಬೋರ್ಡಿನ ಮೇಲೆ ಬರೆದು ಪಾಠ ಹೇಳಿದ್ದಳು. ಆದರೆ ಪುಸ್ತಕದಲ್ಲಿ ಕಲಿತಿದ್ದು ತಲೆಯಲ್ಲಿರುತ್ತದೆ, ಮನೆಯಲ್ಲಿ ಕೇಳಿದ್ದು ಕಿವಿಯಲ್ಲಿರುತ್ತದೆ. ತೆಲುಗಿನಲ್ಲಿ ‘ಎಂತ’ ಎಂದರೆ ‘ಎಷ್ಟು’. ಮಾವಿನ ಕಾಲ ಬಂತೆಂದರೆ ವ್ಯಾಪಾರಿಗಳು ಅವರ ಮನೆಯ ಜಗಲಿಯಲ್ಲಿ ಕೂತು, ಕಾಫಿ ಕುಡಿದು, ಲೋಟ ಕೆಳಗಿಟ್ಟು, ಹೀಗೆಯೇ ನಗುತ್ತ ಕೇಳುತ್ತಿದ್ದರು: “ಮರಿ ಎಂತ?” ಮತ್ತೆ ಎಷ್ಟು? ಅಪ್ಪ ತಕ್ಷಣ ಬಾಯಿ ಬಿಡುತ್ತಿರಲಿಲ್ಲ. ಬೆಲೆ ಮೊದಲು ಹೇಳಿದವನು ಕೆಟ್ಟ ಎನ್ನುವುದು ಅವನ ಸಿದ್ಧಾಂತ.

ಹಿಂದಿನ ದಿನವೆಲ್ಲ ಬಸ್ಸಿನಲ್ಲಿ ಕೂತು ದಣಿದಿದ್ದ ಧನಶ್ರೀಯ ಕಿವಿಗೆ ಕೇಳಿಸಿದ್ದು ಆ ಜಗಲಿಯ ಮಾತೇ. ಸಂಬಳ ಕೇಳುತ್ತಿದ್ದಾರೆ! ಅಪ್ಪನ ಜಾಣತನವೂ ನೆನಪಾಗಿ, ಅದಕ್ಕೆ ತನ್ನ ಮರ್ಯಾದೆಯನ್ನೂ ಸೇರಿಸಿ ಅವಳು ಹೇಳಿದಳು:

“ನೀವು ಎಷ್ಟು ಕೊಟ್ರೂ ಸರಿ, ಸರ್.”

ಸಂಚಾಲಕರು ಪ್ರಿನ್ಸಿಪಾಲರ ಮುಖ ನೋಡಿದರು. ಪ್ರಿನ್ಸಿಪಾಲರು ಮೇಜನ್ನು ನೋಡಿದರು. ಕೆಲಸ ಸಿಕ್ಕಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅವಳಿಗೆ ಒಡೆದ ಸದ್ದೂ ಕೇಳಿಸಿರಲಿಲ್ಲ. ಖುಷಿಯಿಂದ ಅಪ್ಪನಿಗೆ ಫೋನ್ ಮಾಡಿದಳು.

ಮೊದಲ ಕೆಲವು ತಿಂಗಳು ಅವಳು ನಿಜವಾಗಿ ಸುಖವಾಗಿದ್ದಳು. ಸಿಟಿ ಬಸ್ಸಿನಲ್ಲಿ ಯಾರೂ ಅವಳ ಗಂಡನ ಸುದ್ದಿ ಎತ್ತಲಿಲ್ಲ. ಊರು ಯಾವುದೆಂದು ಕೇಳಿದವರೂ ಉತ್ತರ ಸಿಕ್ಕಿದ ಮೇಲೆ ತಮ್ಮ ಪಾಡಿಗೆ ತಾವಿದ್ದರು. ಒಂದು ಭಾನುವಾರ ಪಣಂಬೂರಿಗೆ ಹೋಗಿ ಮರಳ ಮೇಲೆ ಕೂತು ಚರುಮುರಿ ತಿಂದಳು. ಪಕ್ಕದಲ್ಲಿ ಯಾರೋ ಕಾಲೇಜು ಹುಡುಗಿಯರು ಫೋಟೊ ತೆಗೆದುಕೊಳ್ಳುತ್ತಿದ್ದರು. ಅವರು ಇವಳನ್ನು ನೋಡಲಿಲ್ಲ. ಧನಶ್ರೀಗೆ ಸಂತೋಷಕ್ಕೆ ಕಣ್ಣು ತುಂಬಿತು.

ಆದರೆ ಕೈಗೆ ಬರುವ ಸಂಬಳದಲ್ಲಿ ಆ ಊರಿನಲ್ಲಿ ಸ್ವಂತಕ್ಕೊಂದು ಕೋಣೆ ಹಿಡಿಯುವುದಕ್ಕಾಗಲಿಲ್ಲ. ಪೇಟೆಯಿಂದ ದೂರದ ಒಂದು ಪಿ.ಜಿ.ಯಲ್ಲಿ, ನರ್ಸಿಂಗ್ ಓದುವ ಮೂವರು ಹುಡುಗಿಯರ ಜೊತೆ ಒಂದು ಮಂಚ ಸಿಕ್ಕಿತು. ಸಾಲದೆಂದು ಸಂಜೆ ಎರಡು ಮನೆಗಳಲ್ಲಿ ಟ್ಯೂಷನ್, ಭಾನುವಾರ ಇನ್ನೊಂದು. ಕಡಲು ಎಲ್ಲಿದೆಯೋ ಅಲ್ಲೇ ಇತ್ತು. ಹೋಗಲು ಇವಳಿಗೆ ಪುರುಸೊತ್ತಿರಲಿಲ್ಲ. ಕ್ಲಾಸಿನಲ್ಲಿ ಹುಡುಗರು ಅವಳ ರಾಗ ಹಿಡಿದು ನಗುತ್ತಿದ್ದರು. “ಮೇಡಂ ಪಾಠ ಮಾಡಿದ್ರೆ ತೆಲುಗು ಪಿಕ್ಚರ್ ನೋಡಿದ ಹಾಗೆ ಆಗ್ತದೆ,” ಎಂದು ಹಿಂದಿನ ಬೆಂಚಿನಿಂದ ಒಬ್ಬ ಹೇಳಿದ್ದು ಕೇಳಿಸಿತು. ಅವಮಾನವಾಯಿತು. ಹಟ ಹಿಡಿದು ಅವರ ಮಾತನ್ನೇ ಕಲಿತಳು. ‘ಇದೆ’ ಹೋಗಿ ‘ಉಂಟು’ ಬಂತು. ‘ಏನು’ ಹೋಗಿ ‘ಎಂತ’ ಬಂತು.

ಎರಡನೆಯ ವರ್ಷದ ಕೊನೆಗೆ, ಇತಿಹಾಸ ಪಾಠ ಮಾಡುವ ಸುನಂದ ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತ ಕೇಳಿಯೇಬಿಟ್ಟಳು.

“ಅಲ್ಲ ಮಾರಾಯ್ರೆ, ನೀವು ಎಂತಕ್ಕೆ ಹಾಗೆ ಹೇಳ್ಲಿಕ್ಕೆ ಹೋದದ್ದು? ಎಷ್ಟು ಕೊಟ್ರೂ ಸರಿ ಅಂತ? ನನಗೆ ಸಿಗುವ ಅರ್ಧ ಕೂಡ ಇಲ್ಲವಂತೆ ನಿಮಗೆ.”

“ಅವರೇ ಕೇಳಿದ್ರಲ್ಲ, ಮತ್ತೆ ಎಷ್ಟು ಅಂತ.”

“ಅವರು ಸಂಬಳದ ಸುದ್ದಿಯೇ ತೆಗೀಲಿಲ್ಲವಂತೆ! ಮತ್ತೆ ಎಂತ ಅಂತ ಕೇಳಿದ್ದಂತೆ. ಅಂದ್ರೆ, ಬೇರೆ ಎಂತಾದ್ರೂ ಹೇಳ್ಲಿಕ್ಕುಂಟಾ ಅಂತ ಅಷ್ಟೆ.”

ಆ ಮೇಜು, ಆ ಕನ್ನಡಕ, ಆ ನಗು ಎಲ್ಲ ಧನಶ್ರೀಯ ಕಣ್ಣ ಮುಂದೆ ಬಂತು. ಎರಡು ಅಕ್ಷರದ ಒಂದು ಮಾತಿಗೆ ತಾನು ಎರಡು ವರ್ಷ ತೆತ್ತಿದ್ದೇನೆ ಎಂದು ಹೊಟ್ಟೆ ಉರಿಯಿತು.

ಮರುದಿನ ಸಂಚಾಲಕರ ಕೋಣೆಗೆ ಹೋಗಿ ನಡೆದದ್ದನ್ನು ಬಿಡಿಸಿ ಹೇಳಿದಳು. ತಮ್ಮ ಮನೆಯ ಮಾತು ತೆಲುಗು, ಅದರಲ್ಲಿ ಆ ಪದಕ್ಕೆ ಅರ್ಥ ಬೇರೆ, ತಾನು ತಪ್ಪು ತಿಳಿದೆ, ಈಗಲಾದರೂ ಸರಿಪಡಿಸಬೇಕು. ಸಂಚಾಲಕರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಪ್ರಿನ್ಸಿಪಾಲರನ್ನು ಕರೆಸಿ ಅವರಿಗೂ ಹೇಳಿಸಿದರು.

“ಒಳ್ಳೆ ಜೋಕು! ಕನ್ನಡ ಮೇಡಮ್ಮಿಗೇ ಕನ್ನಡ ಅರ್ಥ ಆಗ್ಲಿಲ್ಲ ಅಂತಾಯ್ತಲ್ಲ! ಆಯ್ತು, ಬರುವ ವರ್ಷ ನೋಡುವ.”

ಅವರು ಕೆಟ್ಟವರಲ್ಲ ಎಂದು ಸುನಂದ ಹೇಳಿದಳು. ಇರಬಹುದು. ಒಳ್ಳೆಯ ಊರಿನ ಒಳ್ಳೆಯ ಜನ ನಗುನಗುತ್ತಲೇ ಕತ್ತು ಕೊಯ್ದರೆ ಕತ್ತಿಗೇನೂ ನೋವು ಕಡಿಮೆಯಾಗುವುದಿಲ್ಲ. ಆ ಜೋಕು ಕಾಲೇಜೆಲ್ಲ ಸುತ್ತಿತು. ಆಫೀಸಿನ ಗುಮಾಸ್ತ ಸಂಬಳದ ದಿನ, “ಎಷ್ಟು ಕೊಟ್ರೂ ಸರಿ ಅಲ್ವಾ ಮೇಡಂ?” ಎಂದು ಹಲ್ಲು ಬಿಟ್ಟ. ಬರುವ ವರ್ಷ ಬಂತು. ಧನಶ್ರೀ ಮತ್ತೆ ಹೋಗಿ ಕೇಳಿದಳು. ಸಂಚಾಲಕರು ಈ ಸಲ ಅಷ್ಟಾಗಿ ನಗಲಿಲ್ಲ.

“ನೀವೇ ಹೇಳಿದ್ದಲ್ವಾ ಮೇಡಂ,” ಎಂದರು.

ಅವಳು ಅಲ್ಲೇ ನಿಂತು ರಾಜೀನಾಮೆ ಬರೆದುಕೊಟ್ಟಳು. ಬೇರೆ ಕಾಲೇಜುಗಳಲ್ಲಿ ವಿಚಾರಿಸಿದಳು. ಕನ್ನಡಕ್ಕೆ ಇರುವವರೇ ಹೆಚ್ಚಾಗಿದ್ದಾರೆ ಎಂದರು.

ಕೊನೆಗೆ ಅಪ್ಪನ ಸೈಟು ನೆನಪಾಯಿತು. ಮಾವಿನ ತೋಪಿನ ಪಕ್ಕ, ರಸ್ತೆಗೆ ಮುಖ, ಎರಡು ರೂಮು. ಬೇಡ ಎಂದ ಬಾಯಲ್ಲೇ ಬೇಕು ಎನ್ನಬೇಕು. ಆಗಲಿ. ಬಸ್ಸಿನಲ್ಲಿ ಕೂತು ಅವಳು ಆ ಮನೆಯನ್ನು ಮನಸ್ಸಿನಲ್ಲೇ ಕಟ್ಟುತ್ತ ಬಂದಳು. ಮುಂದಿನ ರೂಮಿನಲ್ಲಿ ಟ್ಯೂಷನ್, ಹಿಂದಿನ ರೂಮಿನಲ್ಲಿ ತಾನು. ಬಾಗಿಲು ಹಾಕಿಕೊಂಡರೆ ಭಾರತಮ್ಮನ ತಲೆ ಕಾಣದು. ಕಡಲಿಲ್ಲದಿದ್ದರೆ ಹೋಯಿತು, ಕದವಾದರೂ ಇರುತ್ತದೆ. ಕೋಲಾರ ದಾಟುವ ಹೊತ್ತಿಗೆ ಅಡುಗೆಮನೆಯ ಕಿಟಕಿ ಯಾವ ಕಡೆಗೆ ಎಂಬುದೂ ತೀರ್ಮಾನವಾಗಿತ್ತು.

ಮನೆಗೆ ಬಂದಾಗ ಅಪ್ಪ ತೋಪಿಗೆ ಹೋಗಿದ್ದ. ತಮ್ಮ ಆಂಜಿಯೂ ಇರಲಿಲ್ಲ. ಅಂಗಳದಲ್ಲಿ ಹೊಸ ಪಿಕಪ್ ಗಾಡಿಯೊಂದು ನಿಂತಿತ್ತು. ಕನ್ನಡಿಗೆ ಇನ್ನೂ ಹೂವಿನ ಹಾರ ಇತ್ತು. ಶಾಮಲಮ್ಮ ಮಗಳ ಕೈಯಿಂದ ಬ್ಯಾಗು ತೆಗೆದುಕೊಂಡಳು, ನೀರು ಕೊಟ್ಟಳು, ಆಮೇಲೆ ಅವಳ ಮುಖ ನೋಡದೆ ಕಂಬಕ್ಕೊರಗಿ ಕೂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ಅಮ್ಮನಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ಧನಶ್ರೀ ಹತ್ತಿರ ಹೋಗಿ, ಮಂಗಳೂರಿನ ಅಭ್ಯಾಸದಲ್ಲೇ ಕೇಳಿದಳು:

“ಎಂತಮ್ಮಾ?”

ಏನಮ್ಮಾ ಎಂದು ಅವಳು ಕೇಳಿದ್ದು. ಶಾಮಲಮ್ಮನಿಗೆ ಕೇಳಿಸಿದ್ದು ತೆಲುಗು. ಎಷ್ಟಮ್ಮಾ?

ಶಾಮಲಮ್ಮ ತಲೆ ತಗ್ಗಿಸಿದಳು. “ಎಕ್ಕುವೇಂ ರಾಲೇದಮ್ಮಾ,” ಎಂದಳು. ಜಾಸ್ತಿ ಏನೂ ಬರಲಿಲ್ಲಮ್ಮ.

ಧನಶ್ರೀಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಏನು ಬರಲಿಲ್ಲ? ಅಮ್ಮನ ಕಣ್ಣು ಅಂಗಳದ ಗಾಡಿಯ ಕಡೆ ಹೋಗಿ ಹಿಂದಕ್ಕೆ ಬಂತು. ಆಗ ತಿಳಿಯಿತು. ತನಗೆ ಯಾರೋ ಆಗಲೇ ಹೇಳಿದ್ದಾರೆ, ತಾನು ಲೆಕ್ಕ ಕೇಳುತ್ತಿದ್ದೇನೆ ಎಂದುಕೊಂಡಿದ್ದಾಳೆ ಅಮ್ಮ.

“ನನ್ನ ಸೈಟಾ?” ಎಂದಳು ತೆಲುಗಿನಲ್ಲೇ.

ಶಾಮಲಮ್ಮ ಅಳಲು ಶುರು ಮಾಡಿದಳು. ಆಂಜಿಗೆ ಟೊಮೆಟೊ ಸಾಗಿಸಲು ಗಾಡಿ ಬೇಕಾಗಿತ್ತು, ಸೈಟು ಕೊಳ್ಳುವವರು ಅವಸರ ಮಾಡಿದರು, ನಿನಗೆ ಫೋನಿನಲ್ಲಿ ಹೇಳಲು ಅಪ್ಪನಿಗೆ ಬಾಯಿ ಬರಲಿಲ್ಲ, ಹೀಗೆ ಏನೇನೋ ಹೇಳಿದಳು. ಕೊನೆಗೆ ಮೂಗು ಒರೆಸಿಕೊಂಡು ಅಂದಳು: “ನುವ್ವೇ ವದ್ದನ್ನಾವು ಕದಾ?” ನೀನೇ ಬೇಡ ಅಂದಿದ್ದೆ ಅಲ್ವಾ?

ಆ ಕಡೆ ಕನ್ನಡಕ ತೆಗೆದಿಟ್ಟ ಮನುಷ್ಯ ಹೇಳಿದ್ದನ್ನೇ ಈ ಕಡೆ ಹೆತ್ತವಳೂ ಹೇಳಿದಳು. ಅವನ ಮೇಲಾದರೆ ಸಿಟ್ಟು ಬಂದಿತ್ತು. ಅಮ್ಮನ ಮೇಲೆ ಅದೂ ಬರಲಿಲ್ಲ.

ಅಷ್ಟರಲ್ಲಿ ಗೋಡೆಯ ಮೇಲೆ ಭಾರತಮ್ಮನ ತಲೆ ಕಾಣಿಸಿತು. ಬ್ಯಾಗು ನೋಡಿದಳು, ಅಳುವ ಶಾಮಲಮ್ಮನನ್ನು ನೋಡಿದಳು, ಬಾಯಿ ತುಂಬ ನಕ್ಕಳು.

“ಒಚ್ಚಿನಾವಾ ತಲ್ಲೀ? ಮಳ್ಳಾ ಎಪ್ಪುಡು ಪೋತಾವು?” ಬಂದ್ಯಾ ತಾಯಿ? ಮತ್ತೆ ಯಾವಾಗ ಹೋಗ್ತೀಯ?

ಹಿಂದೆಲ್ಲ ಈ ಪ್ರಶ್ನೆಗೆ ಧನಶ್ರೀ ಮನಸ್ಸಿನಲ್ಲಾದರೂ ಮಂಗಳೂರು ಎನ್ನುತ್ತಿದ್ದಳು. ಈಗ ಬಾಯಿ ತೆರೆದಳು. ಹೇಳಲು ಅವಳಿಗೆ ಒಂದು ಊರಿನ ಹೆಸರೂ ಇರಲಿಲ್ಲ.