ಮನೆಯಲ್ಲಿಲ್ಲ ಎಂದವನ ದನಿ

ಬೆಳಿಗ್ಗೆಯಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಾಳೆ ಮೊಮ್ಮಗಳ ತೊಟ್ಟಿಲು. ಕೂಸಿಗೆ ತೀರಿಹೋದ ಅಕ್ಕನ ಹೆಸರಿಡುವ ಆಸೆ. ಅದಕ್ಕೆ ಅಕ್ಕನ ಮಗಳು ಸುಮಿತ್ರಾ ಹೂಂ ಅನ್ನಬೇಕು. ಫೋನ್ ಮಾಡಿದರೆ ಅವಳ ಬದಲು ಅವಳ ರೆಕಾರ್ಡ್ ಮಾಡಿದ ದನಿ ಬಂತು, ಬೀಪ್ ಆದ ಮೇಲೆ ಮಾತಾಡಿ ಎಂದಿತು. ಪಟ್ಟನೆ ಇಟ್ಟುಬಿಟ್ಟೆ. ಒಂದು ಕಾಲಕ್ಕೆ ಇಡೀ ಹುಮನಾಬಾದಿಗೆ ಈ ವಿದ್ಯೆ ಕಲಿಸಹೊರಟವನು ನಾನೇ ಎಂದರೆ ನೀವು ನಗುತ್ತೀರಿ. ನಗಿ.

ತೊಂಬತ್ತರ ದಶಕ. ನನ್ನದು ತೊಗರಿ ವ್ಯಾಪಾರ. ಹೈದರಾಬಾದಿಗೆ ಹೋದಾಗ ಕರೆಗಳನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಡುವ ಒಂದು ಯಂತ್ರ ತಂದೆ. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿ, ಶುದ್ಧ ಪುಸ್ತಕದ ಭಾಷೆಯಲ್ಲಿ ಹೇಳಿದೆ: “ನಾನು ಈಗ ಮನೆಯಲ್ಲಿಲ್ಲ. ನಿಮ್ಮ ಹೆಸರು ಮತ್ತು ವಿಷಯವನ್ನು ಚುಟುಕಾಗಿ ತಿಳಿಸಿ.” ಸಿಕ್ಕವರಿಗೆಲ್ಲ ಪಾಠವೂ ಆಯಿತು: ಪೀಠಿಕೆ ಬೇಡ, ಕೆಮ್ಮಬೇಡಿ, ವಿಷಯಕ್ಕೆ ಬನ್ನಿ. ಚಿಟಗುಪ್ಪದ ವ್ಯಾಪಾರಿಗಳು ಬೈದು ಇಡುತ್ತಿದ್ದರು. ಕೊಡಂಬಲದ ರೈತರೊಬ್ಬರು ಗಂಟಲು ಸರಿಮಾಡಿಕೊಂಡು ಸುಮ್ಮನಾಗಿ, ಮರುದಿನ ಬಸ್ಸಿಗೆ ಬಂದರು. “ಡಬ್ಬಿಗಿ ಏನ್ ಹೇಳೋದ್ರಿ, ಖುದ್ದ ಬಂದೇನಿ” ಎಂದರು. ಅವರಿಗೆ ಚಹಾ ಕುಡಿಸಿ, ಮತ್ತೆ ಅದೇ ಪಾಠ ಹೇಳಿದೆ.

ಅಕ್ಕನಿಗೆ ಮಾತ್ರ ಹೇಳುವುದು ಉಳಿದುಹೋಗಿತ್ತು. ಅವಳಿದ್ದದ್ದು ಬಸವಕಲ್ಯಾಣದಲ್ಲಿ. ಒಂದು ಮಧ್ಯಾಹ್ನ ಪೇಟೆಯಿಂದ ಬಂದು ಗುಂಡಿ ಒತ್ತಿದರೆ ಅವಳ ದನಿ.

“ತಮ್ಮಾ, ನಾ ಅಕ್ಕ. ಆರಾಮಿದ್ದಿ?” ಸ್ವಲ್ಪ ಮೌನ. ಉತ್ತರಕ್ಕೆ ಕಾದಿದ್ದಳು. “ಅವ್ವ ಊಟ ಮಾಡ್ಯಾಳ?” ಮತ್ತೆ ಮೌನ. ಹೆಂಡತಿ, ಮಕ್ಕಳು, ಎಮ್ಮೆಯ ಕಾಲುನೋವು, ಎಲ್ಲ ವಿಚಾರಿಸಿದಳು. ವಿಷಯಕ್ಕೆ ಬರುವಷ್ಟರಲ್ಲಿ ಯಂತ್ರ ಕತ್ತರಿಸಿತು. ಪುನಃ ಮಾಡಿದಳು. ವಿಚಾರಿಸದೆ ಮಾತು ಶುರು ಮಾಡುವುದು ಅವಳ ಜಾಯಮಾನವಲ್ಲ, ಮತ್ತೆ ಮೊದಲಿಂದ. “ಸುಮೀನ ನೋಡಾಕ ಮಂಠಾಳದವರು ಬಂದು ಕುಂತಾರ...” ಅಷ್ಟಕ್ಕೆ ಕಟ್.

ನಮ್ಮ ಕಡೆ ಸೋದರಮಾವ ಹೂಂ ಅನ್ನದೆ ಹೆಣ್ಣಿನವರು ಮಾತು ಕೊಡುವುದಿಲ್ಲ, ಸಕ್ಕರೆ ಹಂಚುವುದಿಲ್ಲ. ಕೊನೆಯ ಕರೆಯಲ್ಲಿ ಅಕ್ಕನ ದನಿ ಇಳಿದಿತ್ತು.

“ಮನ್ಯಾಗ ಇಲ್ಲ ಅಂತ ನೀನ ನಿನ್ನ ಬಾಯಿಲೆ ಹೇಳಾಕತ್ತಿ. ಯಾಕ ತಮ್ಮಾ, ನಾರಾಜ ಆಗೀಯೇನು? ಹುಡುಗ ನಿನಗ ಪಸಂದ ಇಲ್ಲಂದ್ರ ಬ್ಯಾಡ, ಅವರಿಗೆ ಹೋಗ್ರಿ ಅಂತೀನಿ.”

ಹುಡುಗ ಬಂಗಾರದಂಥವನು, ಸುಮಿಯ ಮನಸ್ಸೂ ಅಲ್ಲೇ ಇತ್ತು. ತಿರುಗಿ ಮಾಡೋಣವೆಂದರೆ ಅಕ್ಕನ ಮನೆಯಲ್ಲಿ ಫೋನಿಲ್ಲ, ಮಾತಾಡಿದ್ದು ಯಾವುದೋ ಎಸ್‌ಟಿಡಿ ಬೂತಿನಿಂದ. ಬಸ್ ಸ್ಟ್ಯಾಂಡಿಗೆ ಓಡಿದೆ. ಹತ್ತಿದ ಬಸ್ಸು ಕೈ ಅಡ್ಡ ಮಾಡಿದವರಿಗೆಲ್ಲ ನಿಂತಿತು. ನಾನು ಸೀಟು ಬಿಟ್ಟು ಬಾಗಿಲಲ್ಲೇ ನಿಂತೆ, ಅದರಿಂದ ಬೇಗ ಮುಟ್ಟುತ್ತೇನೋ ಎಂಬಂತೆ. ದಾರಿಯುದ್ದಕ್ಕೂ ಎದುರು ಬಂದ ಜೀಪುಗಳಲ್ಲಿ ಮಂಠಾಳದವರನ್ನು ಹುಡುಕಿದೆ.

ಅಕ್ಕನ ಮನೆ ಮುಂದೆ ಬೀಗರಾಗಬೇಕಾದವರು ಚಪ್ಪಲಿ ಮೆಟ್ಟುತ್ತಿದ್ದರು. ನಾನು ಅಂಗಳದಿಂದಲೇ “ನನ್ನ ಒಪ್ಪಿಗಿ ಐತ್ರಿ, ಕುಂಡ್ರಿ” ಎಂದೆ. ಎಲ್ಲರೂ ನನ್ನನ್ನೇ ನೋಡಿದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, “ಈಗ ಮನ್ಯಾಗ ಇದ್ದೀಯೇನಪ್ಪಾ?” ಎಂದಷ್ಟೇ ಕೇಳಿ, ಸಕ್ಕರೆ ತರಲು ಒಳಗೆ ಹೋದಳು.

ಯಂತ್ರ ಆಮೇಲೆಯೂ ಕೆಲವು ವರ್ಷ ದುಡಿಯಿತು. ಅದೇ ಕ್ಯಾಸೆಟ್ಟಿನಲ್ಲಿ ಅಕ್ಕನ ಮಾತು ಅಳಿಸಿ, ಅದರ ಮೇಲೆ ತೊಗರಿಯ ಧಾರಣೆ ಕೂತಿತು. ಅವಳ ದನಿಯನ್ನು ಎತ್ತಿಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಸಂಜೆ ಸುಮಿತ್ರಾಗೆ ಮತ್ತೆ ಫೋನ್ ಹಚ್ಚಿದೆ. ಬೀಪ್ ಆಯಿತು. “ಸುಮೀ, ನಾ ಮಾಮ. ಆರಾಮಿದ್ದಿ?” ಎಂದು ಕೇಳಿ ಸ್ವಲ್ಪ ಕಾದೆ. ಗಂಡನನ್ನು ಕೇಳಿದೆ, ಕಾದೆ. ಮಕ್ಕಳನ್ನು ಕೇಳಿದೆ. ಹೆಸರಿನ ಮಾತು ತೆಗೆಯುವಷ್ಟರಲ್ಲಿ ಕಟ್ಟಾಯಿತು.

ತುಸು ಹೊತ್ತಿಗೆ ಅವಳೇ ಮಾಡಿದಳು. “ಎಲ್ಲಾರೂ ಆರಾಮ ಇದ್ದೀವಿ ಮಾಮಾ. ನೀವು ಏನೋ ಹೇಳಾಕತ್ತಿದ್ರಿ.”

ಥೇಟ್ ಅಕ್ಕನ ದನಿ. ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ.

ಅವಳು ಸ್ವಲ್ಪ ಕಾದಳು. ಆಮೇಲೆ ಮೆಲ್ಲಗೆ ಕೇಳಿದಳು: “ಯಾಕ ಮಾಮಾ, ನಾರಾಜ ಆಗೀರೇನು?”