ಪಾರ್ಕಿಂಗ್ ಸಿಗದ ಬಿಸಿನೀರ ಬುಗ್ಗೆ

ಕೆನಡಾದ ಸ್ಟ್ರೀಟ್ಸ್‌ವಿಲ್‌ನ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ನಾನು ಕೆಲಸ ಮಾಡುತ್ತಿದ್ದಾಗ ಅಲ್ಲಿಯ ಗೋಡೆಯ ಮೇಲೆ ಅಮೆರಿಕದ ಯೆಲ್ಲೋಸ್ಟೋನ್ ಪಾರ್ಕಿನ ದೊಡ್ಡ ಬಿಸಿನೀರ ಬುಗ್ಗೆಯ ಫೋಟೋ ಇತ್ತು. ನಡುವೆ ಕಡುನೀಲಿ, ಸುತ್ತ ಹಸಿರು, ಹಳದಿ, ಅಂಚಿಗೆ ಕೇಸರಿ. ಎರಡು ವರ್ಷ ಮನೆಯಲ್ಲಿ ಅದನ್ನೇ ಹೇಳಿ ಹೇಳಿ, ಕೊನೆಗೆ ೨೦೧೮ರ ಆಗಸ್ಟಿನಲ್ಲಿ ನಾನು, ನಮ್ಮವರು, ಹದಿನಾಲ್ಕರ ಮಗಳು ಮಾಲ್ಟನ್ನಿನ ಮನೆಯಿಂದ ಗಾಡಿಯಲ್ಲಿ ಹೊರಟೆವು. ಮೂರು ದಿನದ ದಾರಿ. ಅಷ್ಟೂ ಅವರೇ ಓಡಿಸಿದರು.

ಬೆಳಿಗ್ಗೆ ಏಳಕ್ಕೆ ಬುಗ್ಗೆಯ ಹತ್ತಿರ ನಿಂತರೆ ಏನೂ ಕಾಣಲಿಲ್ಲ. ಚಳಿಗೆ ನೀರೆಲ್ಲ ಹಬೆಯಾಗಿ ಏಳುತ್ತಿತ್ತು. ಗಂಧಕದ ವಾಸನೆ ಬೇರೆ. ಮಗಳು ಮೂಗು ಮುಚ್ಚಿಕೊಂಡು, "ಅಮ್ಮಾ, ಇಟ್ಸ್ ಜಸ್ಟ್ ಸ್ಟೀಮ್" ಎಂದಳು.

"ಇಡ್ಲಿ ಪಾತ್ರಿ ಮುಚ್ಚಳಾ ತಗದಂಗ ಐತಿ. ಇದಕ್ಕ ಮೂರು ದಿನಾ ಗಾಡಿ ಹೊಡದ್ನೇನ?" ಎಂದರು ನಮ್ಮವರು.

ಬಿಸಿಲೇರಿದ ಮೇಲೆ ಎದುರಿನ ಗುಡ್ಡ ಹತ್ತಿದರೆ ಬಣ್ಣ ಕಾಣುತ್ತದೆ ಎಂದು ಅಲ್ಲಿಯ ರೇಂಜರಮ್ಮ ಹೇಳಿದರು. ಮಧ್ಯಾಹ್ನ ಮತ್ತೆ ಹೋದೆವು. ಪಾರ್ಕಿಂಗ್ ತುಂಬಿತ್ತು. ಐದು ಸುತ್ತು ಹೊಡೆದ ಮೇಲೆ ನಮ್ಮವರಿಗೆ ರೇಗಿತು. "ನೀವಿಬ್ರೂ ಇಳೀರಿ. ನಾ ಸುತ್ತತಿರ್ತೀನಿ."

ನಾನೂ ಮಗಳೂ ಗುಡ್ಡ ಹತ್ತಿದೆವು. ಬುಗ್ಗೆ ಕೆಳಗೆ ಪೂರ್ತಿ ತೆರೆದುಕೊಂಡಿತ್ತು. ಫೋಟೋದಲ್ಲಿ ಅಂಥ ನೀಲಿ ಇರಲಿಲ್ಲ. ನೋಡನೋಡುತ್ತ ನನಗೆ ಸಿಟ್ಟೇ ಬಂತು. ಇಷ್ಟು ದೂರ ಕರೆತಂದ ಮನುಷ್ಯ ಕೆಳಗೆ ಗಾಡಿಗೆ ಜಾಗ ಹುಡುಕುತ್ತಿದ್ದಾನಲ್ಲ ಎಂದು.

ಇಳಿದು ಬಂದರೆ ಅವರಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಒಂದೂವರೆ ತಾಸು ರಸ್ತೆಯ ಧೂಳಿನಲ್ಲಿ ಪ್ರತಿ ಬಿಳಿ ಗಾಡಿಗೂ ಕತ್ತು ಚಾಚಿದೆವು. ಏನಾದರೂ ಆಯಿತೇನೋ ಎಂದು ನನಗೆ ಹೆದರಿಕೆಯಾಯಿತು. ಕೊನೆಗೆ ಬಂದರು, ಕೆನ್ನೆಯ ಮೇಲೆ ಸೀಟಿನ ಗೆರೆ ಮೂಡಿತ್ತು. ಮುಂದಿನ ಪಾರ್ಕಿಂಗಿನಲ್ಲಿ ಜಾಗ ಸಿಕ್ಕಿ, ಕೂತಲ್ಲೇ ಕಣ್ಣು ಹತ್ತಿತ್ತಂತೆ.

"ನಾವು ಇದ್ದೀವೋ ಸತ್ತೀವೋ ಅನ್ನೂ ಖಬರರ ಐತೇನ್ರಿ ನಿಮಗ?"

"ಮೂರು ದಿನಾ ನಿದ್ದಿ ಬಿಟ್ಟು ಓಡ್ಸಿದಾಂವ ಯಾರು?"

"ಆತು, ಈಗರ ಹೋಗಿ ನೋಡಿ ಬರ್ರಿ. ಗಾಡ್ಯಾಗ ನಾವಿರ್ತೀವಿ."

"ಬ್ಯಾಡ. ಫೋಟೋದಾಗ ನೋಡ್ತೀನಿ."

ಸೋಮವಾರ ಅವರಿಗೆ ಶಿಫ್ಟ್ ಇತ್ತು, ಮರುದಿನವೇ ಹೊರಡಬೇಕಾಯಿತು.

ಅಕ್ಟೋಬರಿನಲ್ಲಿ ಪಿಕರಿಂಗ್ ಊರಿನಲ್ಲಿ ನಮ್ಮ ಕಡೆಯವರ ಊಟಕ್ಕೆ ಹೋಗಿದ್ದೆವು. ಅಲ್ಲಿ ನಮ್ಮವರು ತಟ್ಟೆ ಹಿಡಿದುಕೊಂಡು ನಿವೃತ್ತ ಡಾಕ್ಟರೊಬ್ಬರಿಗೆ ಬುಗ್ಗೆಯನ್ನು ವರ್ಣಿಸುತ್ತಿದ್ದರು. "ಮ್ಯಾಲಿಂದ ನೋಡ್ಬೇಕ್ರಿ ಸರ, ನಡುವ ಆ ನೀಲಿ ಅಂದ್ರ…"

ನನಗೆ ತಡೆಯಲಾಗಲಿಲ್ಲ. "ಇವರು ನೋಡೇ ಇಲ್ರೀ. ಗಾಡ್ಯಾಗ ಮಲಗಿದ್ರು!" ಎಂದುಬಿಟ್ಟೆ. ಎಲ್ಲರೂ ನಕ್ಕರು. ಅವರೂ ನಕ್ಕರು, ಆಮೇಲೆ ತಟ್ಟೆ ಕೆಳಗಿಟ್ಟು ಹೊರಗೆ ಹೋದರು.

ಮನೆಗೆ ಬರುವಾಗ, "ನಾಲ್ಕು ಮಂದಿ ಮುಂದ ಅನ್ನೂದು ಬೇಕಾಗಿತ್ತೇನ?" ಎಂದು ಮೆಲ್ಲಗೆ ಕೇಳಿದರು. ಹಿಂದಿನ ಸೀಟಿನಿಂದ ಮಗಳು, "ದಟ್ ವಾಸ್ ಮೀನ್, ಅಮ್ಮಾ" ಎಂದಳು. ತಪ್ಪಾಯಿತು ಅನ್ನಲು ಬಾಯಿ ತೆರೆದೆ. ಆ ರಸ್ತೆ ಬದಿಯ ಒಂದೂವರೆ ತಾಸು ನೆನಪಾಯಿತು, ಅನ್ನಲಿಲ್ಲ.