ಆದೇಶಕ್ಕೆ ಮೊದಲೇ ಒಲೆ ಹಚ್ಚಿದ ಸೌಟಕ್ಕ

ಬೆಳಕು ಹರಿಯುವ ಮುನ್ನವೇ ಶಾಲೆಯ ಹಿಂದಿನ ತಗಡಿನ ಶೆಡ್ಡಿನಿಂದ ಹೊಗೆ ಏಳುತ್ತದೆ. ಸೌದೆ ಹಸಿ. ಉದ್ದನೆಯ ಸೌಟನ್ನು ಎರಡೂ ಕೈಯಲ್ಲಿ ಹಿಡಿದು ಆಕೆ ಗಂಜಿ ತಿರುವುತ್ತಾರೆ, ಕೆಮ್ಮುತ್ತಾರೆ, ಮತ್ತೆ ತಿರುವುತ್ತಾರೆ. ಹೊರಗೆ ತಟ್ಟೆ ಹಿಡಿದ ಮಕ್ಕಳ ಸಾಲು, ಗಲಾಟೆಯೇ ಇಲ್ಲ. "ಇವು ಕಿತ್ತಾಡೋಕೆ ಶುರು ಮಾಡಿದ್ರೆ ನಂಗೆ ಸಮಾಧಾನ. ಮೈಯಲ್ಲಿ ಶಕ್ತಿ ಬಂತು ಅಂತ ಅರ್ಥ" ಎನ್ನುತ್ತಾರೆ.

ಊರಿಗೆಲ್ಲ ಆಕೆ ಸೌಟಕ್ಕ. ಮನೆಯ ಕಾಳು ಮುಗಿದು, ಹೊಲದ ಪೈರು ಇನ್ನೂ ಹಸಿರಾಗಿರುವ ತಿಂಗಳುಗಳಲ್ಲಿ ಮಾತ್ರ ನಡೆಯುವ ಸರ್ಕಾರಿ ಗಂಜಿ ಕೇಂದ್ರದ ಅಡುಗೆಯವರು. ಹಸಿವು ಪ್ರತಿ ವರ್ಷ ಹೊತ್ತಿಗೆ ಸರಿಯಾಗಿ ಬರುತ್ತದೆ. ಕೇಂದ್ರ ತೆರೆಯುವ ಆದೇಶ ಹಾಗಲ್ಲ. ಊರಲ್ಲಿ ಕೊರತೆಯಿದೆ ಎಂದು ಮೊದಲು ಮೇಲಿನವರು ಒಪ್ಪಬೇಕು.

ಹೋದ ವರ್ಷ ಚುನಾವಣೆ ಹತ್ತಿರವಿತ್ತು. ಹಸಿವನ್ನು ಓಡಿಸಿದ್ದೇವೆಂದು ಭಾಷಣಗಳಾಗಿದ್ದವು. ಒಪ್ಪುವವರು ಯಾರು? ಸೌಟಕ್ಕ ಕಚೇರಿಗೆ ಅಲೆದು ಚಪ್ಪಲಿ ಸವೆಸಿದರು. "'ಸ್ವಲ್ಪ ತಾಳಮ್ಮ, ಆದೇಶ ಮೇಲಿಂದ ಬರ್ಬೇಕು' ಅಂದ್ರು ಸಾಹೇಬ್ರು. ಪಕ್ಕದ್ಮನೆ ಕೂಸು ಅಳೋದನ್ನೂ ನಿಲ್ಸಿತ್ತು. ಇನ್ನೆಷ್ಟು ತಾಳ್ಲಿ ಹೇಳಿ?" ಅಂದೇ ಸಂಜೆ ಕೇಂದ್ರದ ಉಗ್ರಾಣದ ಬೀಗ ಒಡೆದು, ಹಿಂದಿನ ವರ್ಷ ಉಳಿದಿದ್ದ ಕಾಳಿನ ಮೂಟೆ ಬಿಚ್ಚಿ ಒಲೆ ಹಚ್ಚಿದರು.

ಕೂಸು ಉಳಿಯಿತು. ಸೌಟಕ್ಕನ ಕೆಲಸ ಹೋಯಿತು.

ಮತದಾನ ಮುಗಿದ ಮೇಲೆ ಆದೇಶ ಬಂತು. ಆ ಹೊಗೆಯಲ್ಲಿ ನಿಂತು ಬೇಯಿಸಲು ಬೇರೆ ಯಾರೂ ಬರಲಿಲ್ಲ. ಆಕೆಯನ್ನೇ ಮತ್ತೆ ಕರೆದರು, ಈ ಸಲ ತಾತ್ಕಾಲಿಕವಾಗಿ. "ಬೀಗ ಒಡೆದಿದ್ದು ನನ್ ತಪ್ಪು ಅಂತ ಬರೆಸ್ಕೊಂಡ್ರು. ಬರ್ಕೊಟ್ಟೆ. ಜಗಳ ಆಡೋಕೂ ತ್ರಾಣ ಬೇಕಲ್ವಾ?"

ಸಂತೆಯಲ್ಲಿ ಮೂಟೆ ಹೊರುವ ಗಂಡ ಸೌದೆ ಸೀಳುತ್ತಲೇ ನಗುತ್ತಾರೆ: "ಇಂಥ ಹೆಂಡ್ತಿ ಇರೋವಾಗ ಮನೆಗೆ ಬೀಗ ಯಾಕೆ ಅಂತ ನಾನು ಹಾಕೋದೇ ಬಿಟ್ಬಿಟ್ಟೆ." ಸೌಟಕ್ಕ ನಗುವುದಿಲ್ಲ. ಭುಜ ನೀವಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಹೊಗೆಗೆ ಎಡಗಣ್ಣು ಮಸುಕಾಗುತ್ತಿದೆ.

ಈ ವರ್ಷವೂ ಆದೇಶ ತಡವಾಗಿಯೇ ಬಂದಿದೆ. ಕೆಲಸ ಕಾಯಂ ಮಾಡಿ ಎಂದು ಕೇಳುವುದಿಲ್ಲವೇ ಎಂದರೆ ತಲೆಯಾಡಿಸಿ, ಮೊದಲ ತಟ್ಟೆಗೆ ಗಂಜಿ ಬಡಿಸುತ್ತಾರೆ.

"ಅದೆಲ್ಲ ಬಿಡಿ. ಮಕ್ಕಳು ತಾವೇ ನಡ್ಕೊಂಡು ಬರೋ ಹೊತ್ತಿಗೇ ಒಲೆ ಹಚ್ಚೋಕೆ ಬಿಡ್ಲಿ, ಸಾಕು. ಅಮ್ಮಂದಿರು ಹೊತ್ಕೊಂಡು ಬರೋ ಹಾಗಾದ್ಮೇಲಲ್ಲ."